ಮೆಣಸಿನಕಾಯಿ ಕೋಣೆಯ ಚಿಲಕ

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಅರವತ್ತೊಂದು ವರ್ಷ ಕಳೆದವು. ಈ ನಡುವೆ ಹಲ್ಲು ಹೋದವು, ಗಂಡ ಹೋದ, ಒಂದು ಕಣ್ಣು ಮಸುಕಾಯಿತು. ಮೂಗು ಮಾತ್ರ ಹಾಗೇ ಇದೆ. ಸಂತೆಯಲ್ಲಿ ಹೊಸ ಒಣಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿದರೆ ಸಾಕು, ಮಂದಿಗೆ ಸೀನು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆರಿಲ್ಲ. ಆರಬಾರದು ಎಂದೇ ಇದನ್ನು ಬರೆಯಲು ಕೂತಿದ್ದೇನೆ.

ಯಾದಗಿರಿಯ ಕೋಟೆ ಗುಡ್ಡದ ಬುಡಕ್ಕೆ ನಮ್ಮ ಮನೆ ಇತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ, ಗಾಜಿನ ಬಾಗಿಲು. ಆಗ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮಧ್ಯಾಹ್ನ ಗುಡ್ಡದ ಬಂಡೆ ಕಾದು ಆ ಕಾವು ಓಣಿಗೆ ಇಳಿದರೆ ನಾಯಿಗಳು ನಮ್ಮ ಕಟ್ಟೆಯ ನೆರಳಿಗೆ ಬಂದು ಬೀಳುತ್ತಿದ್ದವು. ಅಪ್ಪನದು ಮೆಣಸಿನಕಾಯಿ, ತೊಗರಿ ವ್ಯಾಪಾರ. ಸುಗ್ಗಿಯಲ್ಲಿ ಅಂಗಡಿಯಲ್ಲಿ ಹಿಡಿಯದ ಚೀಲವೆಲ್ಲ ಮನೆಗೆ ಬರುತ್ತಿತ್ತು. ಅಡುಗೆಮನೆಯ ಹಿಂದೆ ಒಂದು ಕೋಣೆ, ಕಿಟಕಿ ಇಲ್ಲ, ಮೇಲೆ ಅಂಗೈಯಗಲದ ಒಂದು ಬೆಳಕಿಂಡಿ. ಅದು ಮೆಣಸಿನಕಾಯಿ ಕೋಣೆ. ಒಳಗೆ ಕಾಲಿಟ್ಟರೆ ಗಂಟಲಲ್ಲಿ ಯಾರೋ ಕಡ್ಡಿ ಗೀರಿದಂತಾಗುತ್ತಿತ್ತು. ಆ ಕೋಣೆಯಲ್ಲಿ ಕೂತು ದಿನಗಟ್ಟಲೆ ತೊಟ್ಟು ಮುರಿಯುವ ಕೆಲಸ ಒಬ್ಬಳದೇ, ಶಂಕ್ರಮ್ಮ ಅತ್ತೆಯದು. ನಿಮ್ಮ ಮನೆಯಲ್ಲೂ ಇಂಥ ಒಂದು ಕೋಣೆ ಇತ್ತು, ಅದರೊಳಗೆ ಒಬ್ಬಳಿದ್ದಳು. ಇರಲಿಲ್ಲ ಎನ್ನಬೇಡಿ.

ಅತ್ತೆ ಅಪ್ಪನ ತಂಗಿ. ಸುರಪುರದ ಮಗ್ಗುಲ ರಂಗಂಪೇಟೆಗೆ ಕೊಟ್ಟಿದ್ದರು. ಎರಡು ವರ್ಷ ಬಾಳಿದಳು. ಗಂಡ ಜ್ವರ ಬಂದು ಸತ್ತ. ಅವನನ್ನು ಅಲ್ಲೇ ಹೊಲದಲ್ಲಿ ಮಣ್ಣು ಮಾಡಿ, ಹದಿನಾರು ವರ್ಷದ ಹುಡುಗಿಯನ್ನು ತವರಿಗೆ ತಂದು ಬಿಟ್ಟರು. ಆಮೇಲೆ ಹತ್ತು ವರ್ಷ ಅವಳು ಆ ಸಮಾಧಿಯನ್ನು ನೋಡಿರಲಿಲ್ಲ. ನೋಡುತ್ತೇನೆ ಎಂದರೆ ಕರೆದೊಯ್ಯುವವರು ಯಾರು? ತೊಟ್ಟು ಮುರಿಯುತ್ತ ಅವಳು ನನಗೆ ಸುರಪುರದ ಕಥೆ ಹೇಳುತ್ತಿದ್ದಳು. ಸುತ್ತ ಗುಡ್ಡ, ನಡುವೆ ಊರು, ರಾಜರ ಅರಮನೆ, ಗುಡ್ಡದ ನೆತ್ತಿಯಲ್ಲಿ ಇಂಗ್ಲಿಷ್ ಸಾಹೇಬ ಕಟ್ಟಿಸಿದ ಬಂಗಲೆ. "ನೀಲಿ, ಆ ಬಂಗಲಿ ಕಟ್ಟಿ ಮ್ಯಾಲ ನಿಂತು ನೋಡಿದ್ರ ನಮ್ಮ ಹೊಲದಾನ ಎರಡು ಬೇವಿನ ಗಿಡ ಕಾಣ್ತಾವ. ನಿಮ್ಮ ಮಾವ ಅಲ್ಲೇ ಮಲಗ್ಯಾನ," ಎನ್ನುತ್ತಿದ್ದಳು. ಅಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದರೂ ಅದು ಮೆಣಸಿನಕಾಯಿಯದು ಎನ್ನಲು ಅವಳಿಗೆ ಅನುಕೂಲವಿತ್ತು.

ಈ ಕಥೆ ಬಾಗಿಲಾಚೆ ಕೂತು ಅವ್ವನೂ ಕೇಳಿದ್ದಳು. ಅವ್ವ ಆಗ ಐದು ತಿಂಗಳ ಬಸುರಿ. ನನ್ನ ನಂತರ ಹುಟ್ಟಿದ ಎರಡು ಕೂಸುಗಳು ಕೈಗೆ ಬರುವ ಮುಂಚೆಯೇ ಹೋಗಿದ್ದವು. ಹಾಗಾಗಿ ಅವಳ ಬಯಕೆ ಎಂದರೆ ಮನೆಯಲ್ಲಿ ದೇವರ ಮಾತು. ಒಂದು ದಿನ ಅಪ್ಪನಿಗೆ ಹೇಳಿದಳು: "ನನಗ ಸುರಪುರ ನೋಡಬೇಕನಸ್ಯಾದ್ರಿ. ಆ ಬಂಗಲ್ಯಾಗ ಕುಂತು ಬುತ್ತಿ ಉಣಬೇಕು." ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ. ಅಪ್ಪ ಮರುಮಾತಿಲ್ಲದೆ ಜೀಪು ಗೊತ್ತು ಮಾಡಿ ಬಂದ. ಶಹಾಪುರದ ಕೋಟೆ ನೋಡಿಕೊಂಡು, ಸುರಪುರ ನೋಡಿ, ದೀಪ ಹಚ್ಚುವ ಹೊತ್ತಿಗೆ ವಾಪಸು. ಬಂದವನೇ ಅಡುಗೆಮನೆಗೆ ಹೋಗಿ, "ಶಂಕ್ರಿ, ನೀನೂ ತಯಾರಾಗು. ರಂಗಂಪೇಟ್ಯಾಗ ಇಳದು ನಿನ್ನ ಗಂಡನ ಸಮಾಧಿಗಿ ಈಬತ್ತಿ ಹಚ್ಚಿ ಬರೂಣು," ಎಂದ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಅವಳ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೊರಡುವ ದಿನ ಕೋಳಿ ಕೂಗುವ ಮುಂಚೆ ಎದ್ದು ಬುತ್ತಿ ಕಟ್ಟಿದವಳು ಅವಳೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಮೊಸರನ್ನ. ಬುಟ್ಟಿಯ ತಳದಲ್ಲಿ ಒಂದು ಬಿಳಿ ಬಟ್ಟೆಯ ಗಂಟು ಇಟ್ಟಳು. ಏನೆಂದು ಕೇಳಿದೆ. "ನಿಮ್ಮ ಮಾವಗ," ಎಂದಳು. ಒಳಗೆ ಒಂದು ಈಬತ್ತಿ ಗಟ್ಟಿ, ಅದೇ ವಿಭೂತಿ, ನಾಲ್ಕು ಬಿಲ್ವದ ಎಲೆ, ಒಂದು ಹೋಳಿಗೆ.

ಆಮೇಲೆ ಶುರುವಾಯಿತು ಶಕುನದ ಆಟ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ನಮಗೆ ಸೂತಕವಿಲ್ಲ, ಶಕುನವಿಲ್ಲ ಎಂದು ಅಪ್ಪ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಹೇಳುತ್ತಿದ್ದ. ಆದರೆ ಬಸುರಿ ಹೆಂಡತಿಯನ್ನು ಹತ್ತಿಸಿಕೊಂಡ ಜೀಪು ಹೊರಡುವಾಗ ಗಂಡ ಸತ್ತವಳ ಮುಖ ಕಾಣಬಾರದಂತೆ. ಅದಕ್ಕೆ ಅವ್ವ ಒಂದು ಉಪಾಯ ಹೂಡಿದ್ದಳು. ಪಕ್ಕದ ಮನೆಯ ಮುತ್ತೈದೆ ತುಂಬಿದ ಕೊಡ ಹೊತ್ತು ಜೀಪಿನ ಎದುರಿಗೆ ಬರಬೇಕು. ಅಲ್ಲಿಯತನಕ ಅತ್ತೆ ಮೆಣಸಿನಕಾಯಿ ಕೋಣೆಯಲ್ಲಿರಬೇಕು. ಜೀಪು ಓಣಿಯ ಮೂಲೆಗೆ ಹೋಗಿ ನಿಂತ ಮೇಲೆ ಅವಳು ಹಿತ್ತಲ ಬಾಗಿಲಿಂದ ನಡೆದು ಬಂದು ಹತ್ತಬೇಕು. ಎದುರು ಬಂದರೆ ಅಪಶಕುನ, ಹಿಂದಿಂದ ಬಂದು ಪಕ್ಕದಲ್ಲಿ ಕೂತರೆ ಏನಿಲ್ಲ! ದೇವರೂ ಇವರಂತೆ ಕುರುಡ ಎಂದು ತಿಳಿದಿದ್ದರು.

"ನೀಲಿ, ಚಿಲಕ ಹಾಕು. ಅಪ್ಪಿತಪ್ಪಿ ಹೊರಗ ಬಂದಾಳ," ಎಂದಳು ಅವ್ವ.

"ನಾ ದನ ಏನವ್ವ ವೈನಿ, ಕಟ್ಟಾಕ?" ಎಂದು ಅತ್ತೆ ನಕ್ಕಳು. ಹೊಸ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ನಗುತ್ತಲೇ ಒಳಗೆ ಹೋದಳು. ಚಿಲಕ ಹಾಕಿದವಳು ನಾನು. ನನ್ನ ಈ ಕೈ.

ಓಣಿಯಲ್ಲಿ ಜೀಪು ಬುಸುಗುಡುತ್ತಿತ್ತು. ಚಿಲಕ ತೆಗೆಯಲು ನಾನು ಕೋಣೆಯ ಮುಂದೆಯೇ ನಿಂತಿದ್ದೆ. ಅವ್ವ ಬಂದು, "ನೀ ಹೋಗಿ ಹತ್ತು, ನಾ ತೆಗಿತೀನಿ," ಎಂದಳು. ಜೀಪಿನ ಆಸೆಗೆ ಓಡಿದೆ. ಅವ್ವ ಬಂದು ಹತ್ತಿದಳು, ಅಪ್ಪ ಮುಂಬಾಗಿಲಿಗೆ ಬೀಗ ಹಾಕಿದ, ತುಂಬಿದ ಕೊಡ ಎದುರು ಬಂತು, ಜೀಪು ಹೊರಟಿತು. ಓಡಿಸುವವನು ಖಾಸೀಂ ಸಾಬ, ಬಾಯಿ ತುಂಬ ಮಾತಿನವನು. "ಈ ಗಾಡಿ ನಮ್ಮ ಅಬ್ಬಾನಂಗ ರೀ ಸೌಕಾರ್. ಒದ್ದರ ಹೋಗ್ತದ, ಮುದ್ದು ಮಾಡಿದ್ರ ನಿಲ್ತದ," ಎಂದು ಮೂಲೆಯಲ್ಲಿ ತಾನೇ ನಿಲ್ಲಿಸಿದ. "ಇನ್ನೊಬ್ರು ಬರ್ತಾರಂದಿದ್ರಲ್ರಿ?"

"ಶಂಕ್ರವ್ವಗ ತಲಿನೋವಂತ. ಬರಂಗಿಲ್ಲಂದ್ಳು. ಹೊಡಿಯಪ್ಪ," ಎಂದಳು ಅವ್ವ.

ನಾನು ಕೇಳಿದೆ: "ಚಿಲಕ ತಗದ್ಯೇನವ್ವ?"

"ತಗದೀನಿ. ಸುಮ್ಮ ಕುಂದ್ರು."

ಅಪ್ಪ ಹಿಂದಕ್ಕೆ ತಿರುಗಿ ಅವ್ವನ ಮುಖ ನೋಡಿದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಇಳಿದು ಇಪ್ಪತ್ತು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ಅವನು ಮುಂದಕ್ಕೆ ತಿರುಗಿ ಕೂತ.

ಭೀಮೆ ದಾಟಿದೆವು. ನೀರು ಕಡಿಮೆಯಾಗಿತ್ತು, ಬಂಡೆಗಳ ನಡುವೆ ಮೀನಿನ ಬಲೆ ಒಣಗುತ್ತಿದ್ದವು. ಶಹಾಪುರ ಹತ್ತಿರ ಬಂದಾಗ ಖಾಸೀಂ ಸಾಬ ಗುಡ್ಡದ ಸಾಲು ತೋರಿಸಿದ. ಹಣೆ, ಮೂಗು, ಎದೆ, ಅಂಗಾತ ಮಲಗಿದ ಮನುಷ್ಯನೇ ಸರಿ. ಈಗ ಎಲ್ಲರೂ ಬುದ್ಧ ಎನ್ನುತ್ತಾರೆ. ಆಗ ಅವನು, "ನೋಡವ್ವ ನೀಲಾ, ಎಷ್ಟು ಮಂದಿ ಬಂದು ಹೋದ್ರೂ ಕಣ್ಣು ತೆರಿಯಾಂಗಿಲ್ಲ ಈ ಮುದುಕ," ಎಂದಿದ್ದ. ಅವ್ವ ನಕ್ಕಳು. ನನಗೆ ಮಾತ್ರ ಮನೆಯ ಚಿಲಕವೇ ಕಣ್ಣ ಮುಂದೆ. ಕೋಟೆಯ ಗೋಡೆ ಏರಿದೆವು, ಮುರಿದ ಬುರುಜು, ಹಾಳುಬಿದ್ದ ಹೊಂಡ. ಏನು ನೋಡಿದರೂ ಒಂದೇ ಲೆಕ್ಕ: ಜೀಪು ಮೂಲೆಯಲ್ಲಿ ನಿಂತಾಗಲೂ ಹಿತ್ತಲ ಕಡೆಯಿಂದ ಅತ್ತೆ ಕಾಣಲಿಲ್ಲ. ಬೀಳ್ಕೊಡಲಿಕ್ಕೂ ಬರಲಿಲ್ಲ. ತಲೆನೋವಿದ್ದರೂ ಅತ್ತೆ ನನಗೆ ಹೋಗಿ ಬಾ ಎನ್ನದೆ ಇರುವವಳಲ್ಲ.

ಸುರಪುರ ಅತ್ತೆ ಹೇಳಿದ ಹಾಗೇ ಇತ್ತು. ಸುತ್ತ ಗುಡ್ಡ, ನಡುವೆ ಊರು. ಅರಮನೆಯ ಬಾಗಿಲಲ್ಲಿ ಪಾರಿವಾಳಗಳು. ಬಂಗಲೆಯ ಗುಡ್ಡ ಹತ್ತುವಾಗ ಅವ್ವ ಸೊಂಟ ಹಿಡಿದು ಏದುಸಿರು ಬಿಟ್ಟಳು. ಕಟ್ಟೆಯ ಮೇಲೆ ಗಾಳಿ ತಂಪಾಗಿತ್ತು. ಅವ್ವ ಎರಡು ರೊಟ್ಟಿ ಹೆಚ್ಚಿಗೇ ಉಂಡಳು. "ಶಂಕ್ರವ್ವನ ಕೈ ಅಂದ್ರ ಕೈ," ಎಂದಳು. ಹೌದು, ಹಾಗೆಂದಳು, ಉಣ್ಣುತ್ತ! ನಾನು ಬುಟ್ಟಿಯ ತಳಕ್ಕೆ ಕೈ ಹಾಕಿದಾಗ ಬಿಳಿ ಗಂಟು ಸಿಕ್ಕಿತು.

ಅದನ್ನು ಒಯ್ದು ಅಪ್ಪನ ಮುಂದೆ ಹಿಡಿದೆ. "ಅಪ್ಪಾ, ಇದು ಮಾವಗಂತ. ಬರಂಗಿಲ್ಲಂದಾಕಿ ಇದನ್ನ್ಯಾಕ ಬುಟ್ಟ್ಯಾಗ ಬಿಡ್ತಾಳ? ಆಕೀನ ಕೂಡಿ ಹಾಕಿ ಬಂದೀವಿ ಅಪ್ಪಾ."

ಅಪ್ಪ ಗಂಟನ್ನು ನೋಡಿದ. ಬಿಚ್ಚಲಿಲ್ಲ. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು. "ಅಲ್ಲೇ ಇಡು. ಬಸುರಿ ಹೆಂಗಸಿನ ಮುಂದ ಏನೇನರ ಮಾತಾಡಬ್ಯಾಡ," ಎಂದ.

ಇಳಿದು ಬರುವಾಗ ರಂಗಂಪೇಟೆಯಲ್ಲಿ ಜೀಪು ನಿಂತಿತು. ಹೊಲಕ್ಕೆ ಹೋಗುತ್ತಾನೆ, ಆ ಗಂಟನ್ನಾದರೂ ಇಟ್ಟು ಬರುತ್ತಾನೆ ಎಂದುಕೊಂಡೆ. ಅಪ್ಪ ನನ್ನ ಕೈ ಹಿಡಿದು ಬಳೆ ಅಂಗಡಿಗೆ ಕರೆದೊಯ್ದ. ಎರಡೂ ಕೈಗೆ ಹಸಿರು ಬಳೆ, ಡಜನ್ ಡಜನ್. "ಖುಷಿ ಆತಿಲ್ಲೊ? ಹೊತ್ತಾತು, ನಡಿ," ಎಂದ. ಹೊಲದ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ. ಅವ್ವನ ಅಂಜಿಕೆ ನನಗೆ ಅರ್ಥವಾಗುತ್ತದೆ. ಎರಡು ಕೂಸು ಹೂತವಳು ಗೋಡೆಯ ಹಲ್ಲಿಗೂ ಅಂಜುತ್ತಾಳೆ. ಅಪ್ಪನದು ಅಂಜಿಕೆಯಲ್ಲ. ತಂಗಿಯ ಒಂದು ದಿನಕ್ಕಿಂತ ತನ್ನ ಮನೆಯ ಸದ್ದಿಲ್ಲದ ಸಂಜೆ ಅವನಿಗೆ ದೊಡ್ಡದಾಗಿತ್ತು. ಅದನ್ನು ನಾನು ಮಾಫು ಮಾಡಿಲ್ಲ. ಸತ್ತವರನ್ನು ಬೈಯಬಾರದಂತೆ. ಬದುಕಿದ್ದಾಗ ಬೈಯಲು ಯಾರು ಬಿಟ್ಟರು?

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ನಾನು ಓಡಿದೆ. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. "ಅಯ್ಯ ಶಿವನ, ಮರ್ತೇ ಬಿಟ್ನಲ್ಲ!" ಎಂದಳು ಅವ್ವ ನನ್ನ ಹಿಂದೆ. ಸಾಯುವತನಕ ಅವಳು ಮರೆತೆ ಎಂದೇ ಹೇಳಿದಳು. ನಾನು ನಂಬಿಲ್ಲ. ಬಾಗಿಲು ತೆರೆದರೆ ಘಾಟಿನ ಜೊತೆ ಕಾವು ಮುಖಕ್ಕೆ ಹೊಡೆಯಿತು. ಅತ್ತೆ ಬೆಳಕಿಂಡಿಯ ಕೆಳಗೆ, ಚೀಲದ ಮೇಲೆ ಚೀಲ ಪೇರಿಸಿಕೊಂಡು, ಮುಖ ಮೇಲೆತ್ತಿ ಕೂತಿದ್ದಳು. ಕಣ್ಣು ಊದಿ ಮುಚ್ಚಿದ್ದವು. ತುಟಿ ಒಡೆದಿತ್ತು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಹೊಸ ಸೀರೆಯ ಸೆರಗನ್ನು ಬಾಯಿಗೆ ಕಟ್ಟಿಕೊಂಡಿದ್ದಳು. ನಾನು ಕೊಟ್ಟ ಒಂದು ಚೊಂಬು ನೀರನ್ನು ಒಂದೇ ಗುಟುಕಿಗೆ ಕುಡಿದಳು. ಅವಳ ಅಣ್ಣ, ವೈನಿ ಇಬ್ಬರೂ ನಿಂತು ನೋಡುತ್ತಿದ್ದರು. ಕೇಳಿದ್ದು ನನ್ನೊಬ್ಬಳನ್ನೇ, ಗಾಳಿಯಂಥ ದನಿಯಲ್ಲಿ.

"ಗಿಡ ಕಂಡ್ವೇನ ನೀಲಿ?"

"ಕಂಡ್ವು ಅತ್ತಿ. ಎರಡೂ ಕಂಡ್ವು," ಎಂದೆ. ನಾನು ನೋಡಿಯೇ ಇರಲಿಲ್ಲ.

ಆಮೇಲೆ ಅವಳು ಮುಖ ತೊಳೆದುಕೊಂಡು ಒಲೆ ಹೊತ್ತಿಸಿದಳು. ಊರು ತಿರುಗಿ ಬಂದವರಿಗೆ ಹಸಿವಾಗಿತ್ತಲ್ಲ.

ಗಂಡು ಕೂಸು ಹುಟ್ಟಿತು, ಬದುಕಿತು. ನೋಡಿದೆಯಾ ಶಕುನ ಎಂದರು. ಆ ಕೂಸನ್ನು ಎರೆದು, ಉಣಿಸಿ, ಬೆನ್ನ ಮೇಲೆ ಹೊತ್ತು ಬೆಳೆಸಿದವಳು ಅತ್ತೆ. ಅವನಿಗೆ ಯಾವ ಅಪಶಕುನವೂ ತಟ್ಟಲಿಲ್ಲ. ಸುರಪುರದ ಹೆಸರು ಅವಳ ಬಾಯಿಂದ ಮತ್ತೆ ಬರಲಿಲ್ಲ. ಇನ್ನೂ ಒಂಬತ್ತು ವರ್ಷ ಬದುಕಿ, ಕೆಮ್ಮಿ ಕೆಮ್ಮಿ ಸತ್ತಳು. ಆ ಕೆಮ್ಮು ಆ ದಿನದ್ದೋ, ತೊಟ್ಟು ಮುರಿದ ಅಷ್ಟೂ ವರ್ಷದ್ದೋ, ಯಾರು ಹೇಳಬೇಕು. ಆ ಮನೆ ಕೆಡವಿದಾಗ ಬೇರೆಯವರು ತೊಲೆಗೆ, ಬಾಗಿಲ ಚೌಕಟ್ಟಿಗೆ ಜಗಳಾಡಿದರು. ನಾನು ಆ ಚಿಲಕ ಹುಡುಕಿದೆ. ಸಿಗಲಿಲ್ಲ.

ಮೊನ್ನೆ ತಮ್ಮನ ಮಗ ಕಾರು ಗೊತ್ತು ಮಾಡಿದ, ಶಹಾಪುರದ ಬುದ್ಧ, ಸುರಪುರದ ಬಂಗಲೆ, ಸಂಜೆಗೆ ವಾಪಸು. ಹೌದು, ಆ ಗಂಡು ಕೂಸಿನ ಮಗನೇ. ಅವನ ಹೆಂಡತಿ ಓದಿದವಳು. ಹೊರಡುವ ಹೊತ್ತಿಗೆ ಮೆಲ್ಲಗೆ ಬಂದು, "ಅತ್ತಿ, ಗಾಡಿ ಹೊಂಡೂತನ ಸ್ವಲ್ಪ ಒಳಗ ಕುಂದರ್ರಿ. ಆಮ್ಯಾಲ ಮೂಲ್ಯಾಗ ಹತ್ತೀರಂತ," ಎಂದಳು. ಮೂಲೆ ಎಂಬ ಮಾತು ಅವಳಿಗೆ ಎಲ್ಲಿಂದ ಬಂತೋ! ನಾನು ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತೆ, ಬಾಗಿಲು ನಾನೇ ಎಳೆದುಕೊಂಡೆ. ರಂಗಂಪೇಟೆಯಲ್ಲಿ ಇಳಿದು ಕೇಳಿದೆ. ಹೊಲವಿಲ್ಲ, ಬೇವಿನ ಗಿಡವಿಲ್ಲ, ಸಾಲು ಸಾಲು ಮನೆಗಳು. ತಂದ ಈಬತ್ತಿಯನ್ನು ಒಂದು ಗೋಡೆಯ ಬುಡಕ್ಕೆ ಸವರಿ ಬಂದೆ. ಯಾರದೋ ಗೋಡೆ.

ಆದರೆ ಹನ್ನೊಂದು ವರ್ಷದ ನನಗೆ ಕೂರಲು ಯಾವ ಸೀಟೂ ಇರಲಿಲ್ಲ. ಸುರಪುರದಿಂದ ಬಂದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಹಸಿರು ಬಳೆಗಳನ್ನು ಒರಳುಕಲ್ಲಿಗೆ ಕುಟ್ಟಿ ಒಡೆದೆ. ಮುಂಗೈಯಲ್ಲಿ ರಕ್ತ ಬಂತು, ಬರಲಿ ಎಂದೆ. ಹಣೆಯ ಕುಂಕುಮವನ್ನು ಲಂಗದ ತುದಿಯಿಂದ ಒರೆಸಿದೆ. ಅಪ್ಪ ಪೇಟ ಸುತ್ತಿಕೊಂಡು, ಅಂಗಡಿಯ ಬೀಗದ ಕೈ ಹಿಡಿದು ಪಡಸಾಲೆಯಿಂದ ಹೊರಟಾಗ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೊಸ್ತಿಲ ನಡುವೆ ಅವನ ಎದುರಿಗೆ ನಿಂತೆ.