ಸ್ಟೀರಿಂಗ್ ಮುಟ್ಟದ ಮೇಸ್ತ್ರಿ

ಹಳೇ ಗಾಡಿಯ ಸ್ಟೀರಿಂಗ್ ನಡುಗುತ್ತದೆ ಎಂದು ಯಾರೇ ಬರಲಿ, ಗ್ಯಾರೇಜಿನ ಮೇಸ್ತ್ರಿ ತಕ್ಷಣ ಪಾನಾ ಹಿಡಿಯುವವರಲ್ಲ. ಪಕ್ಕದ ಸೀಟಿನಲ್ಲಿ ಮದುಮಗನ ಹಾಗೆ ಕೂತು, "ನೀವೇ ಓಡ್ಸಿ ಸ್ವಾಮಿ, ನಾನು ಕೇಳಿಸ್ಕೊಳ್ತೀನಿ" ಎನ್ನುತ್ತಾರೆ. ವೇಗ ಏರಿದಾಗ ಮಾತ್ರ ನಡುಗಿದರೆ ಚಕ್ರದ ಬ್ಯಾಲೆನ್ಸ್ ಹೋಗಿದೆ, ಬ್ರೇಕ್ ಒತ್ತಿದಾಗ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಕಣ್ಣು ಮುಚ್ಚಿ ಅವರು ಹೇಳಿದ್ದು ಒಂದೂ ಸುಳ್ಳಾಗಿಲ್ಲ. "ಒಂದ್ಸಲ ನೀವೇ ಹಿಡಿದು ನೋಡಬಾರದಾ?" ಎಂದವರಿಗೆ, "ಕೆಮ್ಮಬೇಕಾದವನು ರೋಗಿ, ಡಾಕ್ಟರು ಕೆಮ್ಮಿ ತೋರಿಸ್ತಾರೇನ್ರೀ?" ಎಂದು ಗದರುತ್ತಾರೆ. ಏನು ಜಂಬವಪ್ಪಾ ಎಂದು ಗಿರಾಕಿಗಳು ನಗುತ್ತಾರೆ. ಮೇಸ್ತ್ರಿಯ ಹೆಂಡತಿ ಮಾತ್ರ ನಗುವುದಿಲ್ಲ. ತುಳುಕದಿರಲೆಂದು ಅವರ ಲೋಟಕ್ಕೆ ಅರ್ಧವೇ ಟೀ ಹಾಕುತ್ತಾಳೆ. ಈಚೆಗೆ ಮೇಸ್ತ್ರಿಯ ಕೈ ನಡುಗುತ್ತದೆ. ಸ್ಟೀರಿಂಗ್ ಹಿಡಿದರೆ ಆ ನಡುಕ ಗಾಡಿಯದೋ ತಮ್ಮದೋ ಅವರಿಗೇ ಗೊತ್ತಾಗುವುದಿಲ್ಲ.