ಕಲಾವತಿಯ ನಂಬರು

ಮಲ್ಕಾ ಹುಟ್ಟಿ ಬೆಳೆದದ್ದು ಕುವೈತಿನಲ್ಲಿ. ಪಾಸ್‌ಪೋರ್ಟು ಭಾರತದ್ದಾದರೂ ಆರ್.ಟಿ. ನಗರದಲ್ಲಿ ನೆಲೆಸಲು ಬಂದಾಗ ಅವರಿಗೆ ಇದು ಹೊಸ ದೇಶವೇ. ಗಂಡ ತೀರಿಕೊಂಡ ಮೇಲೆ ಅಲ್ಲಿ ಇರಲು ಅನುಮತಿ ಉಳಿಯಲಿಲ್ಲ. ನಮ್ಮ ಬೀದಿಯಲ್ಲಿ ತಮ್ಮ ಚಿಕ್ಕಮ್ಮನ ಮಗಳು ತಸ್ನೀಮಳ ಮಹಡಿ ಕೋಣೆ ಹಿಡಿದು, ಮದುವೆ ಬಟ್ಟೆಗಳಿಗೆ ಜರಿ ಕಸೂತಿ ಹಾಕತೊಡಗಿದರು. ಕೈಕೆಲಸ ಬಹಳ ನಾಜೂಕು. ಆದರೆ ಕಸೂತಿ ಯಂತ್ರವಿಲ್ಲದವರಿಗೆ ದೊಡ್ಡ ಅಂಗಡಿಗಳು ಕೆಲಸ ಕೊಡುತ್ತಿರಲಿಲ್ಲ. ಯಂತ್ರಕ್ಕೆ ಸಾಲ ಬೇಕಿತ್ತು.

ಬ್ಯಾಂಕಿನಲ್ಲಿದ್ದ ರಮ್ಯ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಕಂಪ್ಯೂಟರು ನೋಡಿ, ಈ ದೇಶದಲ್ಲಿ ನಿಮಗೆ ಸಾಲದ ಚರಿತ್ರೆಯೇ ಇಲ್ಲ ಎಂದಳು. ಎಂದೂ ಸಾಲ ಮಾಡಿಲ್ಲವೆಂದು ಹೆಮ್ಮೆಪಡುತ್ತಿದ್ದ ಮಲ್ಕಾರಿಗೆ ಇದು ವಿಚಿತ್ರವೆನಿಸಿತು. ಸಣ್ಣ ಸಾಲವೊಂದನ್ನು ಮಾಡಿ, ತಪ್ಪದೆ ತೀರಿಸಿ, ಆಮೇಲೆ ಬನ್ನಿ ಎಂದು ರಮ್ಯ ಹೇಳಿ ಕಳುಹಿಸಿದಳು.

ಆ ವಾರವೇ ಅವರ ಹೊಸ ಸಿಮ್ಮಿಗೆ ಸಂದೇಶವೊಂದು ಬಂತು: ‘ಪ್ರಿಯ ಕಲಾವತಿ, ಫ್ರಿಡ್ಜಿನ ಕಂತು ಬಾಕಿಯಿದೆ. ನಿಮ್ಮ ಸಾಲದ ಚರಿತ್ರೆ ಕೆಡದಂತೆ ನೋಡಿಕೊಳ್ಳಿ.’

ತಸ್ನೀಮ್ ಓದಿ ನಕ್ಕಳು. ಯಾರೋ ಬಿಟ್ಟ ನಂಬರನ್ನು ಇವರಿಗೆ ಕೊಟ್ಟಿದ್ದರು, ಅಷ್ಟೆ. ಮಲ್ಕಾ ನಗಲಿಲ್ಲ. ಕುವೈತಿನಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಕರೆಂಟು ಬಾಕಿಯನ್ನು ಮನೆ ಮಾಲೀಕ ಇವರಿಂದಲೇ ಕಟ್ಟಿಸಿದ್ದ. ನಂಬರು ತನ್ನದಾದ ಮೇಲೆ ಅದರ ಚರಿತ್ರೆಯೂ ತನ್ನದೇ ಎಂದು ನಂಬಿ ಕಂತು ಕಟ್ಟಿದರು. ಮುಂದಿನ ತಿಂಗಳೂ ಕಟ್ಟಿದರು.

ಹೀಗಿರುವಾಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ರಿಂಗಾಗತೊಡಗಿತು. ಹಲೋ ಎಂದರೆ ಮಾತಿಲ್ಲ. ಯಾರದೋ ಉಸಿರು, ಅದರ ಹಿಂದೆ ಪುಟ್ಟ ವಿಮಾನದ ಗುಂಯ್ ಸದ್ದು.

“ಬ್ಲಾಕ್ ಮಾಡು ಆಪಾ, ಯಾವನೋ ತಲೆಕೆಟ್ಟವ್ನು,” ಎಂದಳು ತಸ್ನೀಮ್.

ಮಲ್ಕಾ ಮಾಡಲಿಲ್ಲ. ಆ ಉಸಿರಿನಲ್ಲಿ ಕೆಟ್ಟತನ ಕೇಳಿಸಲಿಲ್ಲವಂತೆ.

ಸಾಲದ ಕಂಪನಿಯ ಸಂದೇಶಗಳು ಬರಬರುತ್ತ ಆತ್ಮೀಯವಾದವು. ಕಲಾವತಿಗೆ ಹುಟ್ಟುಹಬ್ಬದ ಶುಭಾಶಯ ಬಂತು. ಸಾಲ ತೀರಿಸುವವರಿಗೆ ಕೊಡುವ ಅಂಕದಲ್ಲಿ ಕಲಾವತಿ ಏರಿದ್ದಾಳೆಂದು ಅಭಿನಂದನೆ ಬಂತು. ತರಕಾರಿಯವಳು ಬೇರೆ ಯಾರನ್ನೋ ‘ಕಲಾ’ ಎಂದು ಕೂಗಿದಾಗ ತಾನು ತಿರುಗಿ ನೋಡಿದೆನೆಂದು ಮಲ್ಕಾ ನನ್ನ ಹೆಂಡತಿಯೊಡನೆ ಹೇಳಿಕೊಂಡಿದ್ದರು.

ಕೊನೆಯ ಕಂತು ಮುಗಿದ ಸಂಜೆ ಇನ್ನೊಂದು ಸಂದೇಶ. ಕಲಾವತಿಗೆ ಹೊಸ ಸಾಲ ಸಿದ್ಧವಾಗಿತ್ತು, ಯಂತ್ರದ ಬೆಲೆಗೆ ಧಾರಾಳವಾಗಿ ಸಾಲುವಷ್ಟು. ಒಪ್ಪಿಗೆಯೆಂದು ಒತ್ತಿದರೆ ಮುಗಿಯಿತು. ಮಲ್ಕಾರ ಬೆರಳು ಮುಂದಾಯಿತು. ಅಷ್ಟರಲ್ಲಿ ಫೋನು ರಿಂಗಾಯಿತು. ಈ ಸಲ ಉಸಿರು ಮಾತಾಡಿತು.

“ಕಲಾ, ಫ್ರಿಡ್ಜಿಂದು ನೀನೇ ಕಟ್ತಿದ್ದೀಯೇನೇ?”

ಮಲ್ಕಾ ಫೋನನ್ನು ಕಿವಿಗೆ ಒತ್ತಿಹಿಡಿದರು.

“ಕಂಪ್ನಿಯವ್ರು ಹೇಳಿದ್ರು, ಈ ನಂಬರಿಂದ್ಲೇ ದುಡ್ಡು ಬಂದೈತೆ ಅಂತ. ನೀನು ಹೋಗಿ ಒಂದೂವರೆ ವರ್ಷ ಆಯ್ತಲ್ಲೇ.”

ಸುಮ್ಮನೆ ಫೋನಿಟ್ಟು, ಕಲಾವತಿಯಾಗಿಯೇ ಉಳಿದುಬಿಡಬಹುದಿತ್ತು.

“ನಾನು ಮಲ್ಕಾ ಅಂತ, ಅಣ್ಣ. ಅವ್ರ ನಂಬರ್ ನನಗೆ ಬಂದಿದೆ,” ಎಂದರು.

ವಿಮಾನದ ಸದ್ದಿನ ನಡುವೆ ಆ ದನಿ ಮತ್ತೆ ಕೇಳಿಸಿತು.

“ಗೊತ್ತಮ್ಮ, ಮಣ್ಣು ಮಾಡ್ದೋನು ನಾನೇ. ದಿನಾ ಫೋನ್ ಮಾಡ್ತಿದ್ದೆ, ಸ್ವಿಚಾಫ್ ಅಂತಿತ್ತು. ಒಂದಿನ ರಿಂಗಾಗ್ಬಿಡ್ತು ನೋಡು.”

ಅವರು ಕಲಾವತಿಯ ಗಂಡ ಶಿವಶರಣಪ್ಪ; ಮನೆ ಜಕ್ಕೂರಿನಲ್ಲಿ, ವಿಮಾನ ಹಾರಿಸಲು ಕಲಿಸುವ ಮೈದಾನದ ಪಕ್ಕ. ಕಂತಿನ ಹಣವನ್ನು ಹಿಂದಿರುಗಿಸುತ್ತೇನೆಂದರು. ತೀರಿಕೊಂಡವರ ಸಾಲ ಉಳಿಯಬಾರದೆಂಬುದು ನಮ್ಮವರ ಪದ್ಧತಿ, ಅದು ತೀರಿತಲ್ಲ, ಇರಲಿ ಎಂದು ಮಲ್ಕಾ ಬೇಡವೆಂದರು. ಆಮೇಲೆ ಹೊಸ ಸಾಲದ ಆ ಸಂದೇಶವನ್ನು ಅಳಿಸಿಹಾಕಿದರು.

ಮರುದಿನ ಬ್ಯಾಂಕಿನಲ್ಲಿ ರಮ್ಯ ಎಲ್ಲವನ್ನೂ ಕೇಳಿ ಕಂಪ್ಯೂಟರಿನ ಪರದೆ ನೋಡಿದಳು. ಕಟ್ಟಿದ್ದೆಲ್ಲ ಸತ್ತವಳ ಹೆಸರಿಗೇ ಸೇರಿತ್ತು; ಮಲ್ಕಾರ ಹೆಸರಿನಡಿ ಇನ್ನೂ ಏನೂ ಇರಲಿಲ್ಲ. ರಮ್ಯಳ ಸಲಹೆಯಂತೆ ಮಲ್ಕಾ ಒಂದು ಇಸ್ತ್ರಿಪೆಟ್ಟಿಗೆಯನ್ನು ಕಂತಿನ ಮೇಲೆ, ತಮ್ಮ ಹೆಸರಿನಲ್ಲಿ, ಕೊಳ್ಳಲು ಒಪ್ಪಿದರು.

“ಆರು ತಿಂಗಳು ಸರಿಯಾಗಿ ಕಟ್ಟಿ ಆಂಟಿ. ಆಮೇಲೆ ನೀವು ಇಲ್ಲಿ ಕಾಣಿಸ್ಕೋತೀರ,” ಎಂದಳು ರಮ್ಯ.

“ಅಲ್ಲೀತನಕ ನಾನು ಇಲ್ವೇನಮ್ಮ?”

ರಮ್ಯ ಖಾಲಿ ಪರದೆಯನ್ನೊಮ್ಮೆ, ಎದುರು ಕುಳಿತ ಹೆಂಗಸನ್ನೊಮ್ಮೆ ನೋಡಿದಳು. ಕಂತು ಮಾತ್ರ ತಪ್ಪಿಸಬೇಡಿ ಎಂದು ಮೆಲ್ಲಗೆ ಹೇಳಿದಳು.