ಬೀಗದಕ್ಕನ ಕಾವಲು

ಹಡಗಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವುದು ಯಾರಾದರೂ ಮಾಡುವ ಕೆಲಸ. ಈಕೆ ಜಗ್ಗಿ, ಮೆಟ್ಟಿಲವರೆಗೆ ಹೋಗಿ, ಏನೋ ನೆನಪಾದವಳಂತೆ ತಿರುಗಿ ಬಂದು ಮತ್ತೆ ಜಗ್ಗುವವಳು. ಹಾಲಿನ ಡಬ್ಬಿ ಬಂದರೆ ಮೂಸಬೇಕು, ಮೀನು ಬಂದರೆ ಕಿವಿರು ಎತ್ತಿ ನೋಡಬೇಕು, ಅಕ್ಕಿ ಮೂಟೆಯ ಬಾಯಿ ಬಿಚ್ಚಿದರೆ ಸಾಲದು, ತಳಕ್ಕೆ ಕೈ ಹಾಕಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಉಳಿದವರು ಬಾಯಲ್ಲಿ ಹೇಳುತ್ತಾರೆ, ಅವಳು ಅದರ ಮೇಲೆ ಸಂಸಾರವನ್ನೇ ಹೂಡಿದ್ದಳು. ಅವಳ ಗಂಡ ಬದುಕಿದ್ದಾಗ ಸಂಬಳದ ದಿನ ನೇರ ಮನೆಗೆ ಬಂದರೂ, ಇಷ್ಟು ಬೇಗ ಯಾಕೆ ಬಂದೆ ಎಂದು ವಿಚಾರಣೆಯಾಗುತ್ತಿತ್ತಂತೆ. ಪುಣ್ಯಾತ್ಮ ನಗುತ್ತಲೇ ಬಾಳಿ, ನಗುತ್ತಲೇ ಹೋದ.

ಅವಳು ಅನುಮಾನವಿಲ್ಲದೆ ನೋಡುತ್ತಿದ್ದುದು ಲೋಕದಲ್ಲಿ ಒಂದೇ ಜೀವವನ್ನು, ತಂಗಿಯನ್ನು. ತಾಯಿ ಬೇಗ ಹೋದಳು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಆ ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ಗಾಳಿ ಸ್ವಲ್ಪ ತಣ್ಣಗಾದರೂ ಎದೆಯಲ್ಲಿ ಕೊಳಲು ಊದಿದಂತೆ ಸದ್ದಾಗುತ್ತಿತ್ತು. ಈಗ ಅವಳಿಗೆ ಮದುವೆಯಾಗಿ, ಟೈಲರಿಂಗ್ ಅಂಗಡಿ ಇಟ್ಟುಕೊಂಡ ಗಂಡನಿದ್ದರೂ, ಅಕ್ಕನ ಲೆಕ್ಕದಲ್ಲಿ ಅವಳಿನ್ನೂ ಸೊಂಟದಿಂದ ಇಳಿದಿರಲಿಲ್ಲ.

ರೋಗ ಬಂದು ವಿಹಾರದ ಹಡಗುಗಳೆಲ್ಲ ನಿಂತವು. ದಿನಕ್ಕೊಂದು ಬಂದರು ನೋಡುತ್ತಿದ್ದ ಹಡಗು ದಕ್ಕೆಗೆ ಕಟ್ಟಿದ ಹಗ್ಗ ಬಿಚ್ಚದೆ ತುಕ್ಕು ಹಿಡಿಯುತ್ತಿತ್ತು. ಕೆಲಸಗಾರರು ಮನೆ ಸೇರಿದರು, ಬೀಗದಕ್ಕ ತಂಗಿಯ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತಳು. ಹೀಗಿರುವಾಗ ಒಂದು ದಿನ ಕಂಪನಿಯ ಮ್ಯಾನೇಜರು ಎಲ್ಲರನ್ನೂ ಬಂದರಿನ ಸಭಾಂಗಣಕ್ಕೆ ಕರೆಸಿದ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು, ಆ ಕಣ್ಣು ತುಂಬ ಖುಷಿಯಲ್ಲಿತ್ತು. ಬೀಗದಕ್ಕನಿಗೆ ಅಲ್ಲೇ ಅನುಮಾನ ಶುರುವಾಯಿತು.

"ಸರ್ಕಾರ ಒಪ್ಪಿದೆ," ಎಂದ ಮ್ಯಾನೇಜರು. "ಮೊದಲು ಒಂದು ಪರೀಕ್ಷಾ ಯಾನ ಮಾಡಿ ತೋರಿಸ್ಬೇಕು. ಯಾರಿಗೂ ರೋಗ ಹರಡದೆ ಹೋಗಿ ಬಂದ್ರೆ ಹಡಗು ಮತ್ತೆ ಓಡುತ್ತೆ. ಪ್ರಯಾಣಿಕರು ಬೇರೆ ಯಾರೂ ಅಲ್ಲ, ನಿಮ್ಮ ಮನೆಯವ್ರೇ. ಟಿಕೆಟ್ಟು, ಊಟ, ಎಲ್ಲ ಪುಕ್ಕಟೆ!"

ಜನ ಚಪ್ಪಾಳೆ ತಟ್ಟಿದರು. ಬೀಗದಕ್ಕ ಎದ್ದು ನಿಂತಳು.

"ಆಮೇಲೆ ನಿಜವಾದ ಯಾನದಲ್ಲೂ ಅರ್ಧ ಹಡಗು ಖಾಲಿ ಇಡ್ಬೇಕಲ್ಲ ಸಾರ್? ಎಣ್ಣೆ ಖರ್ಚಾದ್ರೂ ಹುಟ್ಟುತ್ತಾ?"

"ಅಕ್ಕ, ಹಡಗು ನಿಂತ್ರೂ ತಿನ್ನುತ್ತೆ, ಓಡಿದ್ರೂ ತಿನ್ನುತ್ತೆ. ಓಡಿದ್ರೆ ಸ್ವಲ್ಪನಾದ್ರೂ ತಂದು ಹಾಕುತ್ತೆ."

"ಹಂಗಾದ್ರೆ ಅರ್ಧ ತುಂಬಿಸ್ತೀವಿ ಅಂತ ಹೇಳಿ, ಆಮೇಲೆ ಮೆಲ್ಲಗೆ ಪೂರ್ತಿ ತುಂಬಿಸ್ತೀರಿ."

ಮ್ಯಾನೇಜರು ನಕ್ಕು ಬೇರೆ ಪ್ರಶ್ನೆಗೆ ಹೋದ. ಅವನು ಉತ್ತರ ಕೊಡದ್ದನ್ನು ಗಮನಿಸಿದವಳು ಅವಳೊಬ್ಬಳೇ ಎಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ತಂಗಿ ಕುಣಿದಳು. ಅಕ್ಕ ಇಷ್ಟು ವರ್ಷ ಹಡಗಲ್ಲಿ ದುಡಿದರೂ ತಾನು ಅದರ ಮೆಟ್ಟಿಲು ತುಳಿದವಳಲ್ಲ. "ಪುಕ್ಕಟೆ ಸಿಗೋದು ಇಲಿಬೋನಲ್ಲಿ ಮಾತ್ರ ಕಣೇ," ಎಂದು ಅಕ್ಕ ಗದರಿದಳು. ತಂಗಿ ಎರಡು ದಿನ ಮಾತು ಬಿಟ್ಟಳು. ಕೊನೆಗೆ ಅಕ್ಕನೇ ಸೋತಳು, ಗಂಡನನ್ನು ಅಂಗಡಿಗೆ ಬಿಟ್ಟು ತಂಗಿ ಒಬ್ಬಳೇ ಹೊರಡುವುದೆಂದಾಯಿತು. ಸೋಲುವಾಗ ಅವಳು ತನಗೆ ತಾನೇ ಹೇಳಿಕೊಂಡದ್ದು ಇಷ್ಟು: ನಾನಿರ್ತೀನಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರಾಯಿತು.

ಹಡಗಿನ ಒಳಗುಟ್ಟು ಅವಳಿಗೆ ಗೊತ್ತಿತ್ತು. ಕೆಲಸಗಾರರಿಗೆ ಕಾಯಿಲೆ ಬಂದರೆ ಅದನ್ನು ಬಚ್ಚಿಡುವುದು ಅಲ್ಲಿ ಹಿಂದಿನಿಂದ ಬಂದ ಪದ್ಧತಿ. ಜ್ವರ ಇದೆ ಎಂದು ಗೊತ್ತಾದರೆ ಕೋಣೆಯಲ್ಲಿ ಕೂಡಿ ಹಾಕುತ್ತಾರೆ, ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ಮತ್ತೆ ಕರೆಯುವುದು ದೇವರ ಕೈಯಲ್ಲಿ. ಹಾಗಾಗಿ ಬೆಳಗ್ಗೆ ನರ್ಸಮ್ಮ ಜ್ವರ ನೋಡುವ ಗನ್ನು ಹಿಡಿದು ಬರುವ ಹೊತ್ತಿಗೆ, ಮೈ ಬಿಸಿಯಾದವರು ಬೆಣ್ಣೆ ಬೇಕು, ಕೋಸು ಬೇಕು ಎಂದು ಏನಾದರೂ ನೆಪ ಹೇಳಿ ಬೀಗದಕ್ಕನ ಕೋಲ್ಡ್ ರೂಮಿಗೆ ನುಗ್ಗುತ್ತಿದ್ದರು. ಮಾಂಸದ ತುಂಡುಗಳ ನಡುವೆ ನಿಂತು, ಹಣೆಯನ್ನು ಐಸಿನ ಗೋಡೆಗೆ ಒತ್ತಿ ಹೊರಬಂದರೆ ಗನ್ನು ಏನೂ ಹೇಳುತ್ತಿರಲಿಲ್ಲ. ಹಳೆಯ ಕಾಲದಲ್ಲಿ ಬೀಗದಕ್ಕ ಕಂಡೂ ಕಾಣದಂತೆ ಇದ್ದಳು. ಹೊಟ್ಟೆಪಾಡು ಎಲ್ಲರಿಗೂ ಒಂದೇ ಅಲ್ಲವೇ. ಆದರೆ ಈ ಯಾನದಲ್ಲಿ ಮೇಲಿನ ಕ್ಯಾಬಿನ್ನಿನಲ್ಲಿ ತಂಗಿ ಇದ್ದಳು.

ಆದ್ದರಿಂದ ಹಡಗು ಹೊರಟ ದಿನದಿಂದಲೇ ಅವಳು ಕಾವಲಿಗೆ ನಿಂತಳು. ಸ್ವೆಟರಿನ ಮೇಲೆ ಕೋಟು ಹಾಕಿ, ಕೋಲ್ಡ್ ರೂಮಿನ ಒಳಗೇ, ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು. ಯಾರಾದರೂ ಬಂದರೆ ಬೇಕಾದ್ದನ್ನು ಅವಳೇ ಎತ್ತಿ ಕೊಟ್ಟು ಹೊರಗೆ ಕಳಿಸುವುದು. ತಪಾಸಣೆ ಮುಗಿಯುವವರೆಗೆ ಒಳಗೆ ಒಂದು ನರಪಿಳ್ಳೆಯೂ ನಿಲ್ಲಲಿಲ್ಲ. ನರ್ಸಮ್ಮ ಬಂದು ಬಾಗಿಲು ಬಡಿದರೆ ಅವಳು ಹೊರಬಂದು ಮೊದಲು ತನ್ನ ಹಣೆ ಒಡ್ಡುತ್ತಿದ್ದಳು.

"ಬೀಗದಕ್ಕ, ನೀವು ಬದುಕಿದೀರಾ? ಐಸ್‌ಕ್ರೀಮ್ ಥರ ತಣ್ಣಗಿದೀರಲ್ಲ!" ಎಂದು ನರ್ಸಮ್ಮ ನಗುತ್ತಿದ್ದಳು.

"ನನ್ನ ಬಿಡಿ, ಅವರನ್ನ ಸರಿಯಾಗಿ ನೋಡಿ," ಎಂದು ಬೀಗದಕ್ಕ ಸಾಲಿನ ಕಡೆ ಕಣ್ಣು ತೋರಿಸುತ್ತಿದ್ದಳು.

ಅವಳ ಕಣ್ಣು ಹೆಚ್ಚಾಗಿ ಬೀಳುತ್ತಿದ್ದುದು ಬ್ರೆಡ್ಡಣ್ಣನ ಮೇಲೆ. ಅವನು ಹಡಗಿನ ಬೇಕರಿಯವನು, ದೊಡ್ಡ ದೇಹದ, ಮಾತು ಕಡಿಮೆಯ ಮನುಷ್ಯ. ಬೆಳಗಿನಿಂದ ಒಲೆಯ ಮುಂದೆ ನಿಂತು ಮುಖ ಕೆಂಪಗೆ, ಹಿಟ್ಟಿನ ಧೂಳಿಗೆ ಆಗಾಗ ಕೆಮ್ಮು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ಬೆಣ್ಣೆಗೆಂದು ದಿನಕ್ಕೆ ಎರಡು ಸಲ ಬಂದದ್ದೂ ಅವಳಿಗೆ ಸಾಕ್ಷಿಯಾಯಿತು. ಬೇಕರಿಯವನಿಗೆ ಬೆಣ್ಣೆ ಬೇಡದೆ ಇನ್ನೇನು ಬೇಕು ಎಂದು ಅವಳು ಕೇಳಿಕೊಳ್ಳಲಿಲ್ಲ.

ಇನ್ನು ತಂಗಿಯ ಊಟ. ನಿಯಮದ ಪ್ರಕಾರ ಕೆಳಗಿನ ಕೆಲಸಗಾರರು ಪ್ರಯಾಣಿಕರ ಕ್ಯಾಬಿನ್ನಿಗೆ ಹೋಗುವಂತಿಲ್ಲ, ಊಟವನ್ನು ಬೇರೆ ಹುಡುಗಿಯರು ಬಾಗಿಲ ಬಳಿ ಇಟ್ಟು ಹೋಗಬೇಕು. ಆ ಹುಡುಗಿಯರು ಕೈ ತೊಳೆಯುತ್ತಾರೆಂದು ಯಾರು ಕಂಡರು? ಬೀಗದಕ್ಕ ತಾನೇ ಹಿಂದಿನ ಮೆಟ್ಟಿಲಿನಿಂದ ತಟ್ಟೆ ಹೊತ್ತು ಹೋಗುತ್ತಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿ, ಮಾಸ್ಕು ಸರಿಸಿ, ಪ್ರತಿಯೊಂದನ್ನೂ ಒಂದು ಚಮಚ ತಾನು ತಿಂದು ನೋಡಿ, ಆಮೇಲೆ ಅದೇ ಚಮಚ ತಂಗಿಯ ಕೈಗೆ ಕೊಡುತ್ತಿದ್ದಳು.

"ಅಕ್ಕಾ, ನಾನೇನು ಮಹಾರಾಣಿನಾ, ವಿಷ ಹಾಕೋಕೆ?" ಎಂದು ತಂಗಿ ನಗುತ್ತಿದ್ದಳು. "ಕೆಳಗೆ ಆ ಬ್ರೆಡ್ಡಣ್ಣ ಇದಾನಲ್ಲ, ಅವನಿಗೆ ಏನೋ ಇದೆ. ಬ್ರೆಡ್ಡು ಮಾತ್ರ ಮುಟ್ಬೇಡ," ಎನ್ನುತ್ತಿದ್ದಳು ಅಕ್ಕ.

ಹಾಗೆ ಹೋಗುತ್ತಿರುವಾಗ ಒಂದು ಬೆಳಗ್ಗೆ ಬೀಗದಕ್ಕ ಕಾಫಿ ಪುಡಿಯ ಹೊಸ ಡಬ್ಬಿ ಒಡೆದು ಮೂಸಿದಳು. ವಾಸನೆಯೇ ಇಲ್ಲ. ಇನ್ನೊಂದು ಒಡೆದಳು, ಅದರಲ್ಲೂ ಇಲ್ಲ. "ಕಳ್ಳ ನನ್ಮಗ, ಹುಣಸೆ ಬೀಜ ಹುರಿದು ತುಂಬಿದಾನೆ!" ಎಂದು ಪುಡಿ ತಂದುಕೊಟ್ಟ ವ್ಯಾಪಾರಿಗೆ ಮನಸಾರೆ ಬೈದು, ಡಬ್ಬಿಗಳನ್ನೆಲ್ಲ ಮೂಲೆಗೆ ಎತ್ತಿಟ್ಟಳು. ಅಡುಗೆಯವನು ಬಂದು, "ಘಮ್ ಅಂತಿದೆಯಲ್ಲಕ್ಕ," ಎಂದ. ಇವನಿಗೂ ಪಾಲು ಇರಬೇಕು ಎಂದುಕೊಂಡಳು. ಸ್ವಲ್ಪ ಮೈ ಕೈ ನೋವಿತ್ತು. ಥಂಡಿಯಲ್ಲಿ ನಿಂತರೆ ಬರದೆ ಇರುತ್ತದೆಯೇ?

ಅದೇ ದಿನ ತಪಾಸಣೆಯಲ್ಲಿ ಬ್ರೆಡ್ಡಣ್ಣನ ಹಣೆಗೆ ಗನ್ನು ಕೀಚ್ ಎಂದಿತು. "ಈಗ ತಾನೇ ಒಲೆ ಮುಂದಿಂದ ಬಂದೆ ಅಮ್ಮಾ," ಎಂದ ಅವನು. ನರ್ಸಮ್ಮ ಸ್ವಲ್ಪ ಹೊತ್ತು ಕಾದು ನೋಡೋಣ ಎಂದಳು. ಬೀಗದಕ್ಕ ಬಿಡಲಿಲ್ಲ. ಅವನು ಕೆಮ್ಮಿದ್ದನ್ನೂ, ಕೋಲ್ಡ್ ರೂಮಿಗೆ ಬಂದದ್ದನ್ನೂ ಎಲ್ಲರೆದುರು ಎತ್ತಿ ಆಡಿದಳು. ಹಡಗಿನ ಡಾಕ್ಟರು ಅಪಾಯ ಯಾಕೆ ಎಂದು ಅವನನ್ನು ತಳದ ಕಿಟಕಿಯಿಲ್ಲದ ಕೋಣೆಗೆ ಹಾಕಿದರು. ಬ್ರೆಡ್ಡಣ್ಣ ಹೋಗುವಾಗ ಅವಳ ಕಡೆ ನೋಡಿ, "ಬೆಣ್ಣೆಗೇ ಬಂದಿದ್ದೆ ಅಕ್ಕ," ಎಂದಷ್ಟೇ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ಎಂದು ಅವಳು ಪಕ್ಕದವರಿಗೆ ಹೇಳಿದಳು.

ಹಡಗು ತಿರುಗಿ ಬಂದರು ಮುಟ್ಟುವ ಹೊತ್ತಿಗೆ ತಂಗಿಗೆ ಉಸಿರು ಸಿಗುತ್ತಿರಲಿಲ್ಲ. ಎದೆಯಲ್ಲಿ ಹಳೆಯ ಕೊಳಲಿನ ಸದ್ದೂ ಇರಲಿಲ್ಲ, ಸುಮ್ಮನೆ ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಳು. ಸ್ಟ್ರೆಚರ್ ಇಳಿಸುವಾಗ ಬೀಗದಕ್ಕ ಅದರ ಹಿಂದೆ ಓಡುತ್ತ, "ಆ ಬ್ರೆಡ್ಡಣ್ಣನ್ನ ಬಿಡಬೇಡಿ!" ಎಂದು ಕೂಗಿದಳು. ದಕ್ಕೆಯ ಜನವೆಲ್ಲ ಕೇಳಿಸಿಕೊಂಡರು.

ಕೆಲಸಗಾರರೆಲ್ಲರ ಮೂಗಿಗೂ ಕಡ್ಡಿ ಹಾಕಿದರು. ಮರುದಿನ ಡಾಕ್ಟರು ಬೀಗದಕ್ಕನನ್ನು ಮಾತ್ರ ಕರೆದು, ದೂರದ ಕುರ್ಚಿಯಲ್ಲಿ ಕೂರಿಸಿದರು.

"ಬೇಕರಿಯವನಿಗೆ ಏನೂ ಇಲ್ಲ. ಪಾಪ, ಅವನ ಮೈ ಬಿಸಿ ಒಲೆಯದ್ದು. ರೋಗ ಇರೋದು ನಿಮಗೆ."

"ಸುಳ್ಳು. ದಿನಾ ಗನ್ನು ಹಿಡಿದಿದಾರೆ, ನಾನು ಐಸಿನ ಥರ ಇದ್ದೆ."

"ಐಸಿನ ಒಳಗೇ ನಿಂತಿದ್ರಂತಲ್ಲ ಅಮ್ಮಾ."

ಡಾಕ್ಟರು ಮೆಲ್ಲಗೆ ಕೇಳಿದರು. "ವಾಸನೆ ಗೊತ್ತಾಗುತ್ತಾ?"

"ಗೊತ್ತಾಗದೆ ಏನು? ಆ ಕಾಫಿ ಪುಡಿನೇ ಕಲಬೆರಕೆ..." ಎಂದು ಶುರು ಮಾಡಿ, ಅಲ್ಲಿಗೇ ನಿಂತಳು. ಅಡುಗೆಯವನ ಮಾತು ನೆನಪಾಯಿತು. ತಟ್ಟೆ, ಚಮಚ, ಮುಚ್ಚಿದ ಬಾಗಿಲು, ಎಲ್ಲ ಒಂದರ ಹಿಂದೊಂದು ನೆನಪಾದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳು ಅಳುವ ಜಾತಿಯವಳಲ್ಲ, ಆದರೂ ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿ ಗೋಳೋ ಎಂದು ಅತ್ತಳು.

ತಂಗಿ ಬದುಕಿಕೊಂಡಳು. ಬದುಕಿದಳು ಎಂದರೆ ಮನೆಗೆ ಬಂದಳು, ಅಷ್ಟೇ. ಹೊಲಿಗೆ ಯಂತ್ರದ ಮುಂದೆ ಕೂತು ಒಂದು ತೋಳು ಮುಗಿಸುವಷ್ಟರಲ್ಲಿ ಏದುಸಿರು. ಬೀಗದಕ್ಕನೂ ಗುಣವಾಗಿ ಬಂದು, ಅವಳ ಕಾಲ ಬಳಿ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಿಂಗೆ ರೋಗ ಬಂದಿದ್ದು ನನ್ನಿಂದ ಕಣೇ."

ತಂಗಿ ನಕ್ಕಳು, ನಗುವಿಗೂ ಕೆಮ್ಮು ಬಂತು. "ಆಯ್ತಪ್ಪ, ಊರವರ ಮೇಲೆಲ್ಲ ಮುಗೀತು, ಈಗ ನಿನ್ನ ಮೇಲೇ ಅನುಮಾನ ಶುರು ಮಾಡ್ಕೊಂಡ್ಯಾ? ಬ್ರೆಡ್ಡಣ್ಣ ಅಂತ ನೀನೇ ಹೇಳಿದ್ಯಲ್ಲ. ನಾನು ಸತ್ತರೂ ಅವನನ್ನ ಕ್ಷಮಿಸಲ್ಲ."

ಎಷ್ಟು ಹೇಳಿದರೂ ತಂಗಿ ಒಪ್ಪಲಿಲ್ಲ. ಅಕ್ಕ ಸುಳ್ಳು ಹೇಳಿ ಯಾರನ್ನೋ ಉಳಿಸುವ ಪೈಕಿಯಲ್ಲ ಎಂದು ಗೊತ್ತಿದ್ದರೂ, ತನಗೆ ಅಕ್ಕ ಕೆಟ್ಟದ್ದು ಮಾಡಿರಬಹುದು ಎಂಬುದು ಆ ಹುಡುಗಿಯ ತಲೆಗೆ ಹೋಗಲೇ ಇಲ್ಲ.

ಅಷ್ಟರಲ್ಲಿ ಪೇಪರಿನಲ್ಲಿ ಕಂಪನಿಯ ಹೇಳಿಕೆ ಬಂತು. ಅಡುಗೆ ವಿಭಾಗದ ರೋಗಿಯೊಬ್ಬನನ್ನು ತಪಾಸಣೆಯಲ್ಲೇ ಪತ್ತೆ ಹಚ್ಚಿ ಬೇರೆ ಇಡಲಾಯಿತು, ವ್ಯವಸ್ಥೆ ಗಟ್ಟಿಯಾಗಿದೆ, ಹಡಗು ಶೀಘ್ರದಲ್ಲೇ ಹೊರಡಲಿದೆ. ಬೀಗದಕ್ಕನಿಗೆ ಕೆಲಸದ ಕರೆ ಬಂತು. ಬ್ರೆಡ್ಡಣ್ಣನಿಗೆ ಬರಲಿಲ್ಲ. ದಕ್ಕೆಯ ಕಡೆ ಯಾವ ಬೇಕರಿಯೂ ಅವನನ್ನು ಸೇರಿಸಿಕೊಳ್ಳುತ್ತಿಲ್ಲ ಎಂದು ಅಡುಗೆಯವನು ಹೇಳಿದ.

ಅವಳು ಮ್ಯಾನೇಜರನ ಕೋಣೆಗೆ ನುಗ್ಗಿದಳು. ಅವನು ಎಲ್ಲ ಕೇಳಿ, ಎದ್ದು ಬಾಗಿಲು ಹಾಕಿದ.

"ಗೊತ್ತು ಅಕ್ಕ. ಡಾಕ್ಟರು ಹೇಳಿದಾರೆ. ಆದ್ರೆ ನೋಡಿ, ರೋಗ ಇದ್ದವನನ್ನ ಹಿಡಿದ್ವಿ ಅಂದ್ರೆ ಹಡಗು ಓಡುತ್ತೆ. ರೋಗ ಇದ್ದೋಳು ಕಾವಲಿಗೆ ನಿಂತಿದ್ಲು ಅಂದ್ರೆ? ನಿಮ್ಮ ಕೆಲಸನೂ ಹೋಗುತ್ತೆ, ನೂರಾರು ಜನರದ್ದೂ ಹೋಗುತ್ತೆ. ತಂಗಿ ಔಷಧಿಗೆ ದುಡ್ಡು ಬೇಡ್ವಾ ನಿಮಗೆ?"

ಜೀವನದಲ್ಲಿ ಮೊದಲ ಸಲ, ಈ ಮ್ಯಾನೇಜರನ ಮೇಲಿದ್ದ ಅವಳ ಅನುಮಾನ ಪೂರ್ತಿ ನಿಜವಾಗಿತ್ತು, ಅದರಿಂದ ಅವಳಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ದುಡ್ಡು ಬೇಕಿತ್ತು, ಅದೂ ಸುಳ್ಳಲ್ಲ. ಅವಳು ಎದ್ದು ಬಂದಳು. ಮನೆಯ ದಾರಿ ಬಿಟ್ಟು ಬಂದರಿನ ಆರೋಗ್ಯ ಕಚೇರಿಯ ಕಡೆ ನಡೆದಳು. ಮೀನಿನವನ ಮೇಲೆ, ಮೊಟ್ಟೆಯವನ ಮೇಲೆ ದೂರು ಹೊತ್ತು ಅವಳು ಆ ಕಚೇರಿಯ ಹೊಸ್ತಿಲು ಸವೆಸಿದ್ದಳು. ಕಿಟಕಿಯಲ್ಲಿ ಕೂತ ಅಧಿಕಾರಿ ಅವಳನ್ನು ಕಂಡ ಕೂಡಲೇ ಪೆನ್ನು ಕೆಳಗಿಟ್ಟ.

"ಬನ್ನಿ ಬೀಗದಕ್ಕ. ಹೇಳಿ, ಈ ಸಲ ಯಾರ ಮೇಲೆ?"

"ನನ್ನ ಮೇಲೆ ಸ್ವಾಮಿ."

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ.

"ಬರ್ಕೊಳ್ಳಿ. ಆ ಹಡಗಲ್ಲಿ ರೋಗ ಇದ್ದಿದ್ದು ನನಗೆ, ಬ್ರೆಡ್ಡಣ್ಣನಿಗಲ್ಲ. ದಿನಾ ಎಲ್ಲರ ಕಣ್ಮುಂದೇನೇ ಓಡಾಡಿದೆ. ನನ್ನ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ."